ಆವಾಜು ಹಚ್ಚಿ ನೋಡು

ಆಳಂದ
೧೯ ಡಿಸೆಂಬರ್ ೨೦೨೪

ಪೂಜ್ಯ ಗೌರಕ್ಕನಿಗೆ ತಮ್ಮ ನಾಗಣ್ಣನ ಅನಂತ ಶರಣು ಶರಣಾರ್ಥಿಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಕ್ಷೇಮವೇ ತಿಳಿಯುತ್ತಿಲ್ಲ, ಅದಕ್ಕೇ ಎಷ್ಟೋ ವರ್ಷಗಳ ಮೇಲೆ ಕಾಗದ ಬರೆಯಲು ಕುಳಿತಿದ್ದೇನೆ. ನಮ್ಮ ಮಗಳು ಭಾಗ್ಯಜ್ಯೋತಿಯ ಕುಬಸದ ಕಾರ್ಯ ಮುಗಿಸಿಕೊಂಡು ನೀನು ಜೇವರ್ಗಿ ಮುಟ್ಟಿದ ದಿನ ಒಮ್ಮೆ ಮಾತಾಡಿದ್ದೇ ಕೊನೆ. ಆಮೇಲೆ ನಿನ್ನ ಫೋನು ಸುಮ್ಮನೆ ಬಾರಿಸುತ್ತದೆ, ಎತ್ತುವವರಿಲ್ಲ. ಈಗೀಗ ಬಾರಿಸುವುದೂ ನಿಂತಿದೆ. ಮನೆಯವರ ವಾಟ್ಸಾಪ್ ಗುಂಪಿನಿಂದಲೂ ನೀನು ಹೊರಗೆ ಹೋಗಿದ್ದೀ. ಬೆರಳು ತಪ್ಪಿ ಒತ್ತಿರಬೇಕು ಅಂದುಕೊಂಡು ಮತ್ತೆ ಸೇರಿಸಿದೆ. ಮತ್ತೆ ಹೊರಗೆ ಹೋದೆ.

ಸಿಟ್ಟೇನಕ್ಕಾ? ಬೀಗರೂರು ಅಫಜಲಪುರದಿಂದ ನಿನ್ನನ್ನು ಕಾರಿನಲ್ಲಿ ಜೇವರ್ಗಿಗೆ ಬಿಡದೆ ಬಸ್ಸು ಹತ್ತಿಸಿದೆ ಎಂದೇ? ಏಳು ತಿಂಗಳ ಬಸುರಿ ಮಗಳನ್ನು ಕೂಡಿಸಿಕೊಂಡು ಅಷ್ಟು ದೂರ ಸುತ್ತುವುದು ಹೇಗೆ, ನೀನೇ ಹೇಳು. ಅಥವಾ ಸೀರೆಯ ಮಾತೋ? ಎಲ್ಲರಿಗೂ ಹಸಿರು, ನಿನಗೆ ಮಾತ್ರ ಬೂದು ಬಣ್ಣ ಕೊಟ್ಟಿದ್ದಳು ನಮ್ಮ ಮನೆಯಾಕೆ ಸುನಿತಾ. ನಾನೂ ನೋಡಿದೆ. ಅವಳಿಗೆ ಅದು ಹೊಳೆದಿರಲಿಕ್ಕಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಆ ದಿನ ನಿನ್ನನ್ನೇ ಮೊದಲು ಕರೆದು ಉಡಿ ತುಂಬಿಸಿದ್ದನ್ನು ಬೀಗರ ಓಣಿಯವರೆಲ್ಲ ಕೊಂಡಾಡಿದರು. ಗಂಡನಿಲ್ಲದ ಹೆಂಗಸು ಬಸುರಿಯ ಉಡಿಗೆ ಅಕ್ಕಿ ಹಾಕಬಾರದು ಎನ್ನುವ ಮೂಢರಿಗೆ ಬಾಯಿಂದಲ್ಲ, ಕೈಯಿಂದಲೇ ಉತ್ತರ ಕೊಟ್ಟ ಹಾಗಾಯಿತು. ಬಸವ ತತ್ವವನ್ನು ವೇದಿಕೆಯ ಮೇಲೆ ಹೇಳಿದರೆ ಸಾಲದು, ಮನೆಯಲ್ಲಿ ನಡೆಸಬೇಕು ಎಂದು ನಾನು ಮೊದಲಿನಿಂದಲೂ ಹೇಳುತ್ತ ಬಂದಿದ್ದೇನಲ್ಲ.

ಇನ್ನೊಂದು ಸುದ್ದಿ. ಹೊರಡುವ ಮೊದಲು ಅಳಿಯ ಸಿದ್ದಲಿಂಗ ನಮ್ಮ ಕಾರಿನ ಮುಂದಿನ ಗಾಜಿಗೆ ಒಂದು ಕ್ಯಾಮೆರಾ ಕೂಡಿಸಿದ. "ಮಾವಾರ, ರಸ್ತಾದಾಗ ಯಾರರೆ ಬಂದು ಹಾಯ್ದು, ನಿಮ್ಮದೇ ತಪ್ಪು ಅಂದ್ರ ಇದೇ ಸಾಕ್ಷಿ ಹೇಳ್ತದ ನೋಡ್ರಿ" ಎಂದ. ಅವನ ಬಾಯಿ ಸುಳ್ಳಾಗಲಿಲ್ಲ. ಭೂಸನೂರಿನ ಹತ್ತಿರ ಕಬ್ಬು ಹೇರಿದ ಟ್ರ್ಯಾಕ್ಟರು ನಮ್ಮ ಬದಿಗೇ ನುಗ್ಗಿತು. ನಾನು ಬ್ರೇಕು ಒತ್ತಿದೆನೋ, ಉಳಿದೆವು! ಮರುದಿನ ಸೋಮವಾರ ನಮ್ಮ ಸಂಘದ ಗೋಷ್ಠಿಯಲ್ಲಿ ಹಿಂದಿನ ಸಾಲಿನಲ್ಲಿ ಕೂತು, ಫೋನಿನ ಆವಾಜು ಮುಚ್ಚಿ, ಆ ವಿಡಿಯೋ ಬೇಕಾದಷ್ಟು ಕತ್ತರಿಸಿ ಗುಂಪಿಗೆ ಹಾಕಿದೆ. ಟ್ರ್ಯಾಕ್ಟರು ಬರುವುದಕ್ಕಿಂತ ಮೊದಲಿನ ಸ್ವಲ್ಪ ಹೊತ್ತನ್ನೂ ಹಾಗೇ ಇಟ್ಟಿದ್ದೇನೆ. ನಾನು ನನ್ನ ಬದಿಯಲ್ಲಿ ನೆಟ್ಟಗೆ ಹೋಗುತ್ತಿದ್ದೆ ಎಂದು ಎಲ್ಲರಿಗೂ ತಿಳಿಯಲಿ ಎಂದು. ನೋಡಿದವರ ಎದೆ ಝಲ್ಲೆಂದಿರಬೇಕು, ಗುಂಪಿನಲ್ಲಿ ಒಬ್ಬರೂ ಒಂದಕ್ಷರ ಬರೆದಿಲ್ಲ. ನೀನು ನೋಡಿದೆಯಾ?

ಫೆಬ್ರುವರಿ ಕೊನೆಗೆ ಹೆರಿಗೆ ಎಂದಿದ್ದಾರೆ ಡಾಕ್ಟರು. ಸುನಿತಾಳ ಬೆನ್ನು ನಿನಗೆ ಗೊತ್ತೇ ಇದೆ, ಬಗ್ಗಿದರೆ ಏಳಲಾಗುವುದಿಲ್ಲ. ಬಾಣಂತನಕ್ಕೆ ನೀನೇ ಬರಬೇಕು. ಭಾಗ್ಯಜ್ಯೋತಿಯನ್ನು ಕೂಸಿದ್ದಾಗಿನಿಂದ ಸಾಲಿಗೆ ಹಾಕುವವರೆಗೆ ಸಾಕಿದವಳು ನೀನು. "ಅತ್ತಿ ಯಾವಾಗ ಬರ್ತಾಳ?" ಎಂದು ಅವಳು ಕೇಳದ ದಿನವಿಲ್ಲ.

ಇತಿ ನಿನ್ನ ಪ್ರೀತಿಯ ತಮ್ಮ,
ನಾಗಣ್ಣ
ನಿವೃತ್ತ ಕನ್ನಡ ಶಿಕ್ಷಕ, ಕಾರ್ಯದರ್ಶಿ, ಶರಣ ಚಿಂತನ ಸಂಘ


ಜೇವರ್ಗಿ
೨೮ ಡಿಸೆಂಬರ್ ೨೦೨೪

ತಮ್ಮ ನಾಗಣ್ಣನಿಗೆ ಆಶೀರ್ವಾದಗಳು.

ಕಾಗದ ಮುಟ್ಟಿತು. ಒಡಹುಟ್ಟಿದ ಅಕ್ಕನಿಗೆ ಬರೆಯುವಾಗಲೂ ಕಾರ್ಯದರ್ಶಿ ಎಂದು ಸಹಿ ಹಾಕುವವನು ಈ ಜಿಲ್ಲೆಯಲ್ಲಿ ನೀನೊಬ್ಬನೇ ಇರಬೇಕು. ಪಕ್ಕದ ಮನೆಯ ಪ್ಯಾರಿಬಿಗೆ ಓದಿ ಹೇಳಿದೆ, ಬಹಳ ನಕ್ಕಳು.

ಫೋನು ನೀರಿನ ಬಕೆಟ್ಟಿನಲ್ಲಿ ಬಿತ್ತು. ರಿಪೇರಿಗೆ ಕೊಟ್ಟಿಲ್ಲ. ಸದ್ಯಕ್ಕೆ ಬೇಡ ಅನ್ನಿಸಿದೆ. ಕಾಗದವೇ ಛಲೋ, ಬರೆದವರು ಎಷ್ಟು ಬರೆದರೋ ಅಷ್ಟೇ ಹೇಳುತ್ತದೆ.

ಸಿಟ್ಟಿಲ್ಲ. ಬಸ್ಸಿನಲ್ಲಿ ಕಿಟಕಿಯ ಹತ್ತಿರವೇ ಜಾಗ ಸಿಕ್ಕಿತ್ತು. ಸೀರೆಯೂ ಛಲೋ ಇದೆ. ಅಂಗನವಾಡಿಯಲ್ಲಿದ್ದಾಗಲೂ ನಾನು ಬೂದು ಸೀರೆಯನ್ನೇ ಉಡುತ್ತಿದ್ದೆ, ಮಕ್ಕಳ ಕೈ ಕೊಳೆ ಕಾಣುವುದಿಲ್ಲ ಎಂದು.

ಎರಡು ಮಾತು ಕೇಳಬೇಕಿತ್ತು. ನಿಮ್ಮ ಆ ಕ್ಯಾಮೆರಾಕ್ಕೆ ಕಣ್ಣಷ್ಟೇ ಇದೆಯೋ, ಕಿವಿಯೂ ಇದೆಯೋ? ಮುದುಕಿ, ತಿಳಿಯದೆ ಕೇಳುತ್ತಿದ್ದೇನೆ.

ಎರಡನೆಯದು ನನ್ನ ಅಕ್ಕಿಯ ಮಾತು. ಜೋಳದ ರೊಟ್ಟಿಯ ಮನೆಯಲ್ಲಿ ಅಕ್ಕಿ ಅಷ್ಟಾಗಿ ಇರುವುದಿಲ್ಲ, ಸಂತೆಯಿಂದ ಹೊಸದು ತಂದು, ನುಚ್ಚು ತೆಗೆದು, ಕಾಳು ಕಾಳು ಆರಿಸಿ ಗಂಟು ಕಟ್ಟಿಕೊಂಡು ಬಂದಿದ್ದೆ. ಸುನಿತಾಳ ಕೈಯಿಂದ ಹಾಕಿಸಬೇಕು ಎಂದೇ ತಂದದ್ದು. ನೀನು ಕರೆದೆ, ನಾನೇ ಹಾಕಿದೆ. ಉಡಿಯಕ್ಕಿಯನ್ನು ಮನೆಯವರು ಸಿಹಿ ಮಾಡಿ ಉಣ್ಣಬೇಕಲ್ಲ. ಅದನ್ನು ಏನು ಮಾಡಿದಿರಿ? ಆಳಂದಕ್ಕೆ ಹೋದ ಮೇಲೆ ಮತ್ತೇನಾದರೂ ಕಾರ್ಯ ಇಟ್ಟುಕೊಂಡಿದ್ದಿರಾ?

ಬಾಣಂತನದ್ದು ಆಮೇಲೆ ನೋಡೋಣ. ಮೊಣಕಾಲು ನೋಯುತ್ತದೆ. ಭಾಗ್ಯಾಳಿಗೆ ರಾತ್ರಿ ಎಡಮಗ್ಗುಲಾಗಿ ಮಲಗಲು ಹೇಳು.

ಗೌರಕ್ಕ


ಆಳಂದ
೬ ಜನವರಿ ೨೦೨೫

ಪೂಜ್ಯ ಗೌರಕ್ಕನಿಗೆ ಅನಂತ ಶರಣು ಶರಣಾರ್ಥಿಗಳು.

ನಿನ್ನ ಕಾಗದ ಓದಿ ಜೀವ ಹಗುರಾಯಿತು. ಸಿಟ್ಟಿಲ್ಲ ಎಂದೆಯಲ್ಲ, ಅಷ್ಟು ಸಾಕು.

ನಿನ್ನ ಅಕ್ಕಿಯ ಮಾತು. ಎಳ್ಳಮಾಸಿಯ ದಿನ ಹೊಲಕ್ಕೆ ಹೋಗುವಾಗ ಅದರದೇ ಖೀರು ಮಾಡಿ ಒಯ್ದೆವು. ಭಜ್ಜಿ, ಸಜ್ಜಿ ರೊಟ್ಟಿ, ಮೇಲೆ ನಿನ್ನ ಅಕ್ಕಿಯ ಖೀರು! ಎಷ್ಟು ಸಿಹಿಯಾಗಿತ್ತು ಎಂದರೆ ಸುನಿತಾ ಕೂಡ ಎರಡನೇ ಸಲ ಹಾಕಿಸಿಕೊಂಡಳು. "ಅಕ್ಕನ ಕೈಗುಣನೇ ಬ್ಯಾರೆ" ಎಂದಳು. ಆಳಂದದಲ್ಲಿ ಮತ್ತೆ ಯಾವ ಕಾರ್ಯವನ್ನೂ ಮಾಡಲಿಲ್ಲ. ಯಾತಕ್ಕೆ ಮಾಡಬೇಕು? ಆಗಬೇಕಾದದ್ದು ಅಫಜಲಪುರದಲ್ಲೇ ಆಗಿತ್ತಲ್ಲ.

ಕ್ಯಾಮೆರಾದ ಬಗ್ಗೆ ಕೇಳಿದ್ದೀ. ಅದರ ಮುಖ ಇರುವುದು ರಸ್ತೆಯ ಕಡೆಗೆ. ಒಳಗೆ ಕೂತವರ ಗೊಡವೆ ಅದಕ್ಕಿಲ್ಲ.

ಹೊಸ ವರ್ಷದ ದಿನ ಸಂಘದಲ್ಲಿ ನನ್ನದೇ ಉಪನ್ಯಾಸವಿತ್ತು. ನಿನ್ನ ಉಡಿ ತುಂಬಿದ ಪ್ರಸಂಗ ಹೇಳಿದೆ, ಹೆಸರು ಹೇಳಲಿಲ್ಲ. ಆದರೂ "ಅಕಿ ನನ್ನ ಒಡಹುಟ್ಟಿದ ಅಕ್ಕ" ಎಂದಾಗ ಚಪ್ಪಾಳೆಯೋ ಚಪ್ಪಾಳೆ. ಕಡಗಂಚಿ ವಿಶ್ವವಿದ್ಯಾಲಯದಿಂದ ಬಂದಿದ್ದ ಒಬ್ಬ ಹುಡುಗಿ ಎದ್ದು ಬಂದು, "ಸರ್, ನಿಮ್ಮಂಥೋರು ಇರಬೇಕ್ರಿ" ಎಂದಳು. ನೀನೂ ಇರಬೇಕಿತ್ತು.

ಮೊಣಕಾಲಿಗೆ ಎಣ್ಣೆ ಕಳಿಸುತ್ತೇನೆ. ಬಾಣಂತನಕ್ಕೆ ಇಲ್ಲ ಅನ್ನಬೇಡ.

ನಿನ್ನ ತಮ್ಮ,
ನಾಗಣ್ಣ


ಜೇವರ್ಗಿ
೧೫ ಜನವರಿ ೨೦೨೫

ನಾಗಣ್ಣ,

ಎಣ್ಣೆ ಕಳಿಸಬೇಡ.

ಕುಬಸದ ದಿನ ಬಸ್ಸಿನಲ್ಲಿ ಬರುವಾಗ ನಾನು ಹೇಗಿದ್ದೆ ಎಂದು ನಿನಗೆ ಹೇಳಿಲ್ಲ. ಜೇವರ್ಗಿ ಬರುವವರೆಗೆ ನನ್ನ ಕೈಯನ್ನು ನಾನೇ ನೋಡಿಕೊಳ್ಳುತ್ತ ಕೂತಿದ್ದೆ. ನಮ್ಮ ಮನೆಯವರು ಹೋದ ಮೇಲೆ ಇಂಥ ಕಾರ್ಯಗಳಲ್ಲಿ ಯಾರಾದರೂ ಹೇಳುವ ಮೊದಲೇ ನಾನು ಅಡುಗೆಮನೆ ಹುಡುಕಿಕೊಂಡು ಹೋಗುತ್ತೇನೆ. ಅದು ರೂಢಿಯಾಗಿದೆ. ಆ ದಿನ ನನ್ನ ತಮ್ಮ ಅಷ್ಟು ಮಂದಿಯ ಮುಂದೆ ಕರೆದ. ಮನೆ ಮುಟ್ಟಿದವಳೇ ಪ್ಯಾರಿಬಿಯನ್ನು ಕೂಗಿ ಎಲ್ಲ ಹೇಳಿದೆ. "ನಮ್ಮ ನಾಗ್ಯಾ ಅಂದ್ರ ನಾಗ್ಯಾ ನೋಡವ್ವಾ" ಎಂದು ಜಂಬ ಕೊಚ್ಚಿಕೊಂಡೆ. ಅವಳೂ ಗಂಡನನ್ನು ಕಳಕೊಂಡವಳು, ಕೇಳಿ ಕಣ್ಣೊರೆಸಿಕೊಂಡಳು.

ಮರುದಿನ ನಿನ್ನ ವಿಡಿಯೋ ಬಂತು. ಅವಳನ್ನೇ ಕರೆದು, "ಬಾ, ನನ್ನ ತಮ್ಮ ಕಾರು ಹೆಂಗ ಹೊಡೀತಾನ ನೋಡು" ಎಂದು ಇಬ್ಬರೂ ನೋಡಿದೆವು. ಪ್ಯಾರಿಬಿಗೆ ಕಿವಿ ಮಂದ, ಅದಕ್ಕೇ ಪೂರ್ತಿ ಜೋರಾಗಿ ಹಚ್ಚಿದ್ದೆ. ಮುಗಿದ ಮೇಲೆ ಅವಳು ನನ್ನ ಮುಖ ನೋಡಲಿಲ್ಲ. ಎದ್ದು ಹೋಗಿ ನನ್ನ ಒಲೆಯ ಮೇಲೆ ಚಹಾಕ್ಕೆ ಇಟ್ಟಳು.

ಫೋನು ನೀರಿನಲ್ಲಿ ಬಿದ್ದಿಲ್ಲ. ನಾನೇ ಮುಚ್ಚಿ ಇಟ್ಟಿದ್ದೇನೆ. ನೀನು ಇವತ್ತಿನವರೆಗೂ ಅದನ್ನು ಕೇಳಿಲ್ಲ ಎಂದು ನಿನ್ನ ಕಾಗದಗಳಿಂದ ತಿಳಿಯಿತು. ಕಾರಿನಲ್ಲಿ ಒಬ್ಬನೇ ಕೂತುಕೋ. ಆವಾಜು ಹಚ್ಚಿ ನೋಡು.

ಖೀರು ಸಿಹಿಯಾಗಿತ್ತು ಎಂದು ಬರೆದಿದ್ದೀ. ಕಾರಿನಲ್ಲಿ ಆಡಿದ್ದು ನನ್ನ ಬೆನ್ನ ಹಿಂದೆ ಆಡಿದ ಮಾತು. ಖೀರಿನ ಸುಳ್ಳನ್ನು ನನಗೇ, ನನ್ನ ಹೆಸರು ಹಾಕಿ, ಅಂಚೆ ಚೀಟಿ ಹಚ್ಚಿ ಕಳಿಸಿದ್ದೀ.

ಗೌರಾಬಾಯಿ


ಆಳಂದ
೫ ಫೆಬ್ರುವರಿ ೨೦೨೫

ಅಕ್ಕಾ,

ಶರಣಾರ್ಥಿ ಬರೆಯಲು ಕೈ ಬರಲಿಲ್ಲ. ಮೂರು ಸಲ ಬರೆದು ಹರಿದಿದ್ದೇನೆ. ನೀನು ಗೌರಾಬಾಯಿ ಎಂದು ಸಹಿ ಹಾಕಿದ್ದನ್ನು ನೋಡಿದಾಗಿನಿಂದ ಉಂಡದ್ದು ಮೈಗೆ ಹತ್ತುತ್ತಿಲ್ಲ.

ಕೇಳಿದೆ. ನೀನು ಹೇಳಿದ ಹಾಗೆ ಕಾರಿನಲ್ಲಿ ಒಬ್ಬನೇ ಕೂತು, ಗಾಜು ಏರಿಸಿ ಕೇಳಿದೆ. ರಸ್ತೆ ಕಾಣುತ್ತದೆ, ಕಬ್ಬಿನ ಗದ್ದೆ ಕಾಣುತ್ತದೆ, ನಾನು ನನ್ನ ಬದಿಯಲ್ಲೇ ಹೋಗುತ್ತಿದ್ದೇನೆ. ಸುನಿತಾಳ ಧ್ವನಿ ಬರುತ್ತದೆ. "ಅಲ್ರೀ, ಚೊಚ್ಚಲ ಬಸರದ, ಮಂದಿ ಮುಂದ ಅಕ್ಕಗ ಯಾಕ ಕರೆದ್ರಿ? ಬೀಗ್ರ ಕಡಿ ಹೆಣ್ಮಕ್ಕಳು ಒಬ್ಬರ ಮಾರಿ ಒಬ್ಬರು ನೋಡಿದ್ದು ನಿಮಗ ಕಾಣಲಿಲ್ಲೇನು?" ಆಮೇಲೆ ನನ್ನ ಧ್ವನಿ. ಅದು ನನ್ನದೇ ಎಂದು ಒಪ್ಪಿಕೊಳ್ಳಲು ಮತ್ತೊಮ್ಮೆ ಹಚ್ಚಬೇಕಾಯಿತು. "ನನಗೇನ ಕಣ್ಣಿಲ್ಲೇನು? ವೇದಿಕಿ ಮ್ಯಾಲ ಭಾಷಣ ಮಾಡಾಂವ, ಕರೀಲಿಲ್ಲಂದ್ರ ಮಂದಿ ಏನಂತದ? ಅಕಿನೇ ಬ್ಯಾಡಪ್ಪಾ ಅಂತ ಹಿಂದ ಸರೀತಾಳ ಅನಕೊಂಡಿದ್ದೆ. ಸೀದಾ ಎದ್ದು ಬಂದೇ ಬಿಟ್ಟಳು!"

ಇಬ್ಬರೂ ನಗುತ್ತೇವೆ ಅಕ್ಕಾ. ಆ ನಗೆಯೂ ಕೇಳಿಸುತ್ತದೆ.

ಆಮೇಲೆ ನಾಳೆ ಐದು ಮಂದಿ ಮುತ್ತೈದೆಯರನ್ನು ಕರೆಸಿ ಇನ್ನೊಮ್ಮೆ ಉಡಿ ತುಂಬಿಸುವ ಮಾತು, ನಿನ್ನ ಅಕ್ಕಿಯನ್ನು ಬೇರೆ ಇಡುವ ಮಾತು. ಅದು ಸುನಿತಾಳ ತಲೆಯಲ್ಲಿ ಬಂದದ್ದು. ಅವಳು ಹಳೆ ಕಾಲದ ತಾಯಿಯ ಕೈಯಲ್ಲಿ ಬೆಳೆದವಳು, ನಿನಗೆ ಗೊತ್ತು. ನಾನು ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ಆಮೇಲೆ ಟ್ರ್ಯಾಕ್ಟರು.

ಸೋಮವಾರ ಮುಂಜಾನೆ ಐವರು ಬಂದು ಉಡಿ ತುಂಬಿ ಹೋದರು. ಅದೇ ಸಂಜೆ ನಾನು ಗೋಷ್ಠಿಯಲ್ಲಿ ಕೂತು ವಿಡಿಯೋ ಕಳಿಸಿದೆ. ಗುಂಪಿನಲ್ಲಿ ಅಳಿಯ ಇದ್ದಾನೆ, ಬೀಗರಿದ್ದಾರೆ, ಸುನಿತಾಳ ತಮ್ಮಂದಿರಿದ್ದಾರೆ. ಎಲ್ಲರೂ ಕೇಳಿದ್ದಾರೆ. ಒಬ್ಬರೂ ನನಗೆ ಹೇಳಲಿಲ್ಲ. ಹೋದ ವಾರ ಬೀಗರು ಬಂದಾಗ ಕಾರು ಹತ್ತಿದವರೇ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು. ಕ್ಯಾಮೆರಾ ನೋಡಿ ಬೆರಗಾಗಿದ್ದಾರೆ ಎಂದು ನಾನು ಹಿಗ್ಗಿದ್ದೆ! ಭಾಗ್ಯಜ್ಯೋತಿ ಆ ದಿನ ಹಿಂದಿನ ಸೀಟಿನಲ್ಲಿ ನಿದ್ದೆಯಲ್ಲಿದ್ದಳು, ಆದರೆ ವಿಡಿಯೋ ಅವಳಿಗೂ ಹೋಗಿದೆ. ನಿನ್ನೆ ಕೇಳಿದೆ, "ನಿನಗ ಗೊತ್ತಿತ್ತೇನವಾ?" ಎಂದು. "ಹೌದ್ರಿ ಅಪ್ಪಾ" ಎಂದಳು. "ಮತ್ಯಾಕ ಹೇಳಲಿಲ್ಲ?" "ನೀವೇ ಹೇಳ್ತೀರೇನೋ ಅಂತ ದಾರಿ ನೋಡಾಕತ್ತಿದ್ದೆ" ಎಂದು ಒಳಗೆ ಹೋದಳು.

ಖೀರು ಮಾಡಿಲ್ಲ. ಎಳ್ಳಮಾಸಿಗೆ ಹೊಲಕ್ಕೂ ಹೋಗಲಿಲ್ಲ. ನಿನ್ನ ಅಕ್ಕಿ ಸ್ಟೀಲಿನ ಡಬ್ಬಿಯಲ್ಲಿ ಅಟ್ಟದ ಮೇಲಿದೆ. ತಿಪ್ಪೆಗೆ ಒಗೆಯಲು ಇಬ್ಬರಿಗೂ ಕೈ ಬರಲಿಲ್ಲ, ಉಣ್ಣಲು ಬಾಯಿ ಬರಲಿಲ್ಲ.

ಆ ಕ್ಯಾಮೆರಾ ಕಿತ್ತು ಕಪಾಟಿನಲ್ಲಿ ಹಾಕಿದ್ದೇನೆ. ಶಿವರಾತ್ರಿಗೆ ಸಂಘದ ದೊಡ್ಡ ಸಭೆಯಿದೆ. ಎಲ್ಲರ ಮುಂದೆ ವೇದಿಕೆ ಹತ್ತಿ ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ನೀನು ಮುಂದಿನ ಸಾಲಿನಲ್ಲಿ ಕೂತಿರಬೇಕು. ನಿನ್ನ ಕಾಲು ಹಿಡಿಯುತ್ತೇನೆ. ಹೆರಿಗೆ ಹತ್ತಿರ ಬಂತು. ನನ್ನ ತಪ್ಪಿಗೆ ಆ ಮಗಳನ್ನು ಬಿಡಬೇಡ ಅಕ್ಕಾ.

ನಾಗಣ್ಣ


ಜೇವರ್ಗಿ
೧೩ ಫೆಬ್ರುವರಿ ೨೦೨೫

ನಾಗಣ್ಣ,

ವೇದಿಕೆ ಬೇಡ. ಮಾರಾಯಾ, ನಿನಗೆ ಇನ್ನೂ ತಿಳಿದಿಲ್ಲವೇ? ವೇದಿಕೆಯ ಮೇಲೆ ನೀನು ಬಹಳ ಚೆಂದ ಅಳುತ್ತೀ. ಮಂದಿ ಆಗಲೂ ಚಪ್ಪಾಳೆ ಹೊಡೆಯುತ್ತಾರೆ. ಮುಂದಿನ ಸಾಲಿನಲ್ಲಿ ಕೂತು ಅದನ್ನು ನೋಡುವ ಶಕ್ತಿ ನನಗಿಲ್ಲ. ಒಮ್ಮೆ ನೀನು ಮಂದಿಯ ಮುಂದೆ ಕರೆದದ್ದಕ್ಕೆ ಎದ್ದು ಬಂದು ಸಾಕಾಗಿದೆ.

ಕ್ಯಾಮೆರಾ ಕಿತ್ತು ಹಾಕಿದ್ದೀಯಂತೆ. ಅದು ಏನು ತಪ್ಪು ಮಾಡಿತ್ತು? ಅದನ್ನು ತಿರುಗಿ ಅಲ್ಲೇ ಕೂಡಿಸು.

ಇನ್ನು ಸುನಿತಾಳ ಮಾತು. ನಾನೂ ಆ ವಿಡಿಯೋ ಮತ್ತೆ ಹಚ್ಚಿ ಕೇಳಿದ್ದೇನೆ. ಅಳಿಸಬೇಕೆಂದು ತೆಗೆದೆ, ಕೇಳುತ್ತ ಕೂತೆ. ಯಾಕೆ ಕರೆದಿರಿ ಎಂದು ಕೇಳಿದ್ದು ಸುನಿತಾ. "ನಾಳೆ ಐದು ಮಂದಿ ಮುತ್ತೈದೇರ್ನ ಕರಿಸಿ ಇನ್ನೊಮ್ಮೆ ತುಂಬಸು, ಅಕ್ಕಂದು ಅಕ್ಕಿ ಬ್ಯಾರೆ ಇಡು" ಎಂದದ್ದು ನೀನು. ತಪ್ಪೊಪ್ಪಿಗೆಯ ಕಾಗದದಲ್ಲೂ ಅರ್ಧ ಹೊರೆ ಹೆಂಡತಿಯ ತಲೆಯ ಮೇಲೆ ಇಟ್ಟಿದ್ದೀಯಲ್ಲ, ನಾಚಿಕೆ ಬರುವುದಿಲ್ಲವೇನೋ? ಅವಳಿಗೆ ಒಂದು ನಂಬಿಕೆ ಇದೆ, ತಪ್ಪೋ ಸರಿಯೋ, ಅದರಂತೆ ನಡೆದಳು. ಬೂದು ಸೀರೆಯನ್ನು ನನ್ನ ಕೈಗೆ ನೇರವಾಗಿ ಕೊಟ್ಟಳು. ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು, ಹೋಯಿತು.

ನನಗೆ ಆದದ್ದು ಸಿಟ್ಟಲ್ಲ ತಮ್ಮಾ, ನಾಚಿಕೆ. ಈ ವಯಸ್ಸಿನಲ್ಲಿ ಅಷ್ಟು ಖುಷಿಪಟ್ಟೆನಲ್ಲ ಎಂದು ನಾಚಿಕೆ. ಹಿಂದೆ ಸರಿಯುತ್ತಾಳೆ ಎಂದು ನೀನು ಕಾಯುತ್ತಿದ್ದೆ, ನಾನು ನೆರಿಗೆ ಸರಿಮಾಡಿಕೊಂಡು ಎದ್ದೆ. ಅದು ನೆನಪಾದಾಗಲೆಲ್ಲ ಒಬ್ಬಳೇ ಇದ್ದರೂ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತೇನೆ.

ಬರುತ್ತೇನೆ. ನಿನಗಾಗಿ ಅಲ್ಲ. ಕೂಸು ಹುಟ್ಟಿದ ಕೂಡಲೇ ಸಿದ್ದಲಿಂಗನಿಗೆ ಪ್ಯಾರಿಬಿಯ ಫೋನಿಗೆ ತಿಳಿಸಲು ಹೇಳು. ಕಾರು ತರಬೇಡ, ಬಸ್ಸಿಗೆ ಬರುತ್ತೇನೆ. ಅಕ್ಕಿ ಒಗೆಯಬೇಡ.

ಗೌರಕ್ಕ


ಆಳಂದ
೨೭ ಮಾರ್ಚ್ ೨೦೨೫

ಅಕ್ಕಾ,

ನಿನ್ನನ್ನು ಜೇವರ್ಗಿಗೆ ಬಿಟ್ಟು ಬಂದು ವಾರವಾಯಿತು. ನೀನು ಕಣ್ಣಾರೆ ಕಂಡದ್ದನ್ನೇ ನಿನಗೆ ಬರೆಯುತ್ತಿದ್ದೇನೆ. ಆಗ ಬಾಯಿಂದ ಹೇಳಲಾಗಲಿಲ್ಲ.

ಭಾಗ್ಯಜ್ಯೋತಿ ಛಲೋ ಇದ್ದಾಳೆ. ಕೂಸು ನೀನು ಎರೆದ ನೀರಿನ ರುಚಿ ಕಂಡಿದೆ, ಸುನಿತಾ ಎರೆದರೆ ಮನೆ ಹಾರಿ ಹೋಗುವ ಹಾಗೆ ಅಳುತ್ತದೆ. ಅತ್ತಿ ಕಾಲ ಮೇಲೆ ಹಾಕಿಕೊಂಡ ಹಾಗೆ ಹಾಕಿಕೊಳ್ಳಿರಿ ಎಂದು ಭಾಗ್ಯಾ ದಿನಾ ತಾಯಿಗೆ ಪಾಠ ಹೇಳುತ್ತಾಳೆ.

ತೊಟ್ಟಿಲಿಗೆ ಹಾಕುವ ದಿನ ನಾನು ನಿನ್ನನ್ನು ಕರೆದೆ. ಈ ಸಲ ಮನಸ್ಸಿನಿಂದ ಕರೆದೆ ಅಕ್ಕಾ. ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು, "ನೀವು ಮುಗಿಸ್ರಿ, ನನಗ ಕೆಲಸದ" ಎಂದು ಒಳಗೆ ಹೋದೆ. ಆ ದಿನ ನಾನು ಏನು ಬಯಸಿದ್ದೆನೋ ಅದನ್ನೇ ಮಾಡಿದೆ. ತುಂಬಿದ ಮನೆಯಲ್ಲಿ ನಾನು ಕೈ ಚಾಚಿ ನಿಂತೇ ಇದ್ದೆ. ಬೀಗರು ನೆಲ ನೋಡಿದರು. ನೆಲ ಬಿರಿಯಬಾರದೇ ಅನ್ನಿಸಿತು ನನಗೆ.

ಮಂದಿ ಊ‍ಟಕ್ಕೆ ಕೂತ ಮೇಲೆ ನೀರು ಕುಡಿಯುವ ನೆವ ಮಾಡಿ ಒಳಗೆ ಬಂದೆ. ನೀನು ನೆಲದ ಮೇಲೆ ಕೂತು ಮೊರದಲ್ಲಿ ಆ ಅಕ್ಕಿಯನ್ನು ಹಸನು ಮಾಡುತ್ತಿದ್ದೆ. ನುಸಿ ಹಿಡಿದಿತ್ತು. ಸುನಿತಾ ನಿನ್ನ ಮುಂದೆ ಖಾಲಿ ಡಬ್ಬಿ ಹಿಡಿದು ನಿಂತಿದ್ದಳು. "ಅಕ್ಕಾ, ಅಟ್ಟದ ಮ್ಯಾಲ ಇಟ್ಟಾಕಿ ನಾನ. ನಾ ಅಂಜಿದ್ದೆ" ಎಂದಳು. "ಅಂಜೋದು ಬ್ಯಾರೆ, ನಗೋದು ಬ್ಯಾರೆ ತಂಗಿ" ಎಂದೆ ನೀನು. ಅವಳು ಅಲ್ಲೇ ಕೂತು ನಿನ್ನ ಜೊತೆ ನುಸಿ ಆರಿಸತೊಡಗಿದಳು. ನಾನು ಬಾಗಿಲ ಮರೆಯಲ್ಲೇ ನಿಂತೆ. ಆಗ ಭಾಗ್ಯಜ್ಯೋತಿ ಕೂಸನ್ನು ಎತ್ತಿಕೊಂಡು ಹಿತ್ತಲ ಕಡೆಯಿಂದ ಬಂದಳು. ಕೂಸನ್ನು ನಿನ್ನ ತೊಡೆಯ ಮೇಲೆ ಹಾಕಿದಳು, ಎದುರಿಗೆ ಕೂತು ಸೆರಗು ಒಡ್ಡಿದಳು. ನೀನು ಮೊರದಿಂದ ಒಂದು ಹಿಡಿ ಅಕ್ಕಿ ತೆಗೆದು ಅವಳ ಉಡಿಗೆ ಹಾಕಿದೆ. ಯಾರೂ ಕರೆದಿರಲಿಲ್ಲ, ಹೊರಗಿನ ಮಂದಿ ಯಾರೂ ನೋಡುತ್ತಿರಲಿಲ್ಲ. ನಾನೊಬ್ಬ ಕದ್ದು ನೋಡಿದೆ.

ಆ ಅಕ್ಕಿಯ ಖೀರನ್ನು ನೀನು ನನಗೂ ಬಡಿಸಿದೆ. ಅಮೃತದಂತೆ ಸಿಹಿಯಾಗಿತ್ತು. ಎರಡು ಬಟ್ಟಲು ಉಂಡೆ. ಜನವರಿಯಲ್ಲಿ ನಾನು ಬರೆದ ಸುಳ್ಳು ಕೊನೆಗೂ ಖರೆ ಆಯಿತಲ್ಲ ಎಂದು ಎದೆಯ ಭಾರ ಇಳಿಯಿತು.

ಜೇವರ್ಗಿಗೆ ಹೊರಟಾಗ ನೀನು ಮುಂದಿನ ಸೀಟಿನಲ್ಲಿ ಕೂತು, ಕ್ಯಾಮೆರಾವನ್ನು ಬೆರಳಿನಿಂದ ತಟ್ಟಿ, "ಚಾಲೂ ಅದ ಇಲ್ಲೋ? ಈಗ ಮಾತಾಡು ನಾಗಣ್ಣ" ಎಂದೆ. ಏನೇನೋ ಹೇಳಬೇಕೆಂದು ರಾತ್ರಿಯೆಲ್ಲ ಹೊಂದಿಸಿ ಇಟ್ಟುಕೊಂಡಿದ್ದೆ. ಕಡಗಂಚಿ ಬಂತು, ಕಲಬುರಗಿ ದಾಟಿತು, ಒಂದು ಮಾತೂ ಹೊರಡಲಿಲ್ಲ. ಮನೆಗೆ ಬಂದು ಆವಾಜು ಹಚ್ಚಿ ಕೇಳಿದೆ. ದಾರಿಯುದ್ದಕ್ಕೂ ಗಾಡಿಯ ಸಪ್ಪಳ, ನಡುವೆ ನಿನ್ನ ಕೆಮ್ಮು. ಅಷ್ಟೇ ಇದೆ.

ನಿನ್ನ ತಮ್ಮ,
ನಾಗಣ್ಣ


ಜೇವರ್ಗಿ
೫ ಏಪ್ರಿಲ್ ೨೦೨೫

ತಮ್ಮಾ ನಾಗಣ್ಣ,

ನೀನು ಬಾಗಿಲ ಮರೆಯಲ್ಲಿ ನಿಂತದ್ದು ನನಗೆ ಗೊತ್ತಿತ್ತು. ನಿನ್ನ ಹೊಟ್ಟೆ ಬಾಗಿಲಿಗಿಂತ ಹೊರಗೆ ಕಾಣುತ್ತದೆ. ಉಪನ್ಯಾಸ ಕಡಿಮೆ ಮಾಡಿ ಸ್ವಲ್ಪ ನಡೆದಾಡು.

ಕೂಸಿಗೆ ಎರೆಯುವಾಗ ನೀರು ಬಹಳ ಸುಡಬಾರದು, ಮೊಣಕೈ ಅದ್ದಿ ನೋಡಲು ಸುನಿತಾಳಿಗೆ ಹೇಳು. ಅವಳು ನನಗೆ ಒಂದು ಸೀರೆ ಕಟ್ಟಿ ಕೊಟ್ಟಿದ್ದಳು, ಮನೆಗೆ ಬಂದು ಗಂಟು ಬಿಚ್ಚಿ ನೋಡಿದೆ, ಹಸಿರು. ಉಡುತ್ತೇನೋ ಇಲ್ಲವೋ ಗೊತ್ತಿಲ್ಲ. ಪೆಟ್ಟಿಗೆಯಲ್ಲಿ ಮೇಲೆಯೇ ಇಟ್ಟಿದ್ದೇನೆ.

ಕಾರಿನಲ್ಲಿ ನೀನು ಬಾಯಿ ಬಿಡದೆ ಬಂದದ್ದು ನನಗೆ ಛಲೋ ಅನ್ನಿಸಿತು. ಹುಟ್ಟಿದಾಗಿನಿಂದ ನೀನು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ. ನನ್ನ ತಮ್ಮ ತಿರುಗಿ ಸಿಕ್ಕ ಅಂದುಕೊಂಡು ಮನೆಯೊಳಗೆ ಬಂದೆ.

ಆಮೇಲೆ ನಿನ್ನ ಕಾಗದ ಬಂತು.

ನಾಗಣ್ಣ, ಆ ಖೀರಿಗೆ ನಾನು ಸಕ್ಕರೆ ಹಾಕಿರಲಿಲ್ಲ. ಮರೆತು ಅಲ್ಲ. ಹಾಲು, ಏಲಕ್ಕಿ, ಅಕ್ಕಿ, ಅಷ್ಟೇ. ಭಾಗ್ಯಾ ಒಂದು ಚಮಚ ಬಾಯಿಗಿಟ್ಟು, "ಅತ್ತಿ, ಸಕ್ರಿ ಮರತಿ ಏನು?" ಎಂದಳು. ಸುನಿತಾ ಮುಖ ಕಿವಿಚಿಕೊಂಡು ಸಕ್ಕರೆ ಡಬ್ಬಿ ತರಲು ಎದ್ದಳು, ನಾನೇ ಕೈ ಹಿಡಿದು ಕೂಡಿಸಿದೆ. ಆಮೇಲೆ ನಿನಗೆ ಬಡಿಸಿದೆ. ನೀನು ಎರಡು ಬಟ್ಟಲು ಖಾಲಿ ಮಾಡಿ, "ಭಾಳ ಸಿಹಿ ಆಗ್ಯದ ಅಕ್ಕಾ" ಎಂದೆ. ನಾಚಿಕೆಗೆ ಅಂದಿರಬೇಕು, ಮನೆಗೆ ಹೋಗಿ ಕೂತ ಮೇಲಾದರೂ ಖರೆ ಬರೆಯುತ್ತಾನೆ ಎಂದು ದಾರಿ ನೋಡಿದೆ. ಅಮೃತ ಎಂದು ಬರೆದಿದ್ದೀ.

ಸಿಟ್ಟಾಗಿಲ್ಲ. ಬರುವ ಅಮಾವಾಸ್ಯೆಗೆ ಬಾ. ಒಬ್ಬನೇ ಬಾ. ಮತ್ತೆ ಖೀರು ಮಾಡುತ್ತೇನೆ, ಹೇಗಾಗಿದೆ ಎಂದು ಕೇಳುತ್ತೇನೆ.

ನಿನ್ನ ಅಕ್ಕ,
ಗೌರವ್ವ


ಆಳಂದ
೧೨ ಏಪ್ರಿಲ್ ೨೦೨೫

ಅಕ್ಕಾ,

ಸಪ್ಪಗಿತ್ತು. ಮೊದಲ ತುತ್ತಿಗೇ ಗೊತ್ತಾಗಿತ್ತು.

ನಾಗ್ಯಾ